ಉಮಾವತಿ ಸಿಸ್ಟರ್‌ಗೆ ಸಿಕ್ಕ ಕಾವಲು

ಯಡ್ತರೆಯ ಉಮಾವತಿ ಕುಂದಾಪುರದ ಒಂದು ಆಸ್ಪತ್ರೆಯಲ್ಲಿ ಸುಟ್ಟ ಗಾಯದವರ ಕೋಣೆ ನೋಡಿಕೊಳ್ಳುವ ನರ್ಸ್. ಮಾತು ಮೆತ್ತಗೆ, ಕೈ ತೊಳೆಸುವುದರಲ್ಲಿ ಮಾತ್ರ ಮಹಾ ಹಟಮಾರಿ. ಗಂಡ ಶೇಖರನದು ದಿನಸಿ ಅಂಗಡಿ. ಮನೆಗೆ ಹೋಗುವಷ್ಟು ಸಾಬೂನು ಗಿರಾಕಿಗಳಿಗೆ ಹೋಗಿದ್ದರೆ ಇನ್ನೊಂದು ಅಂಗಡಿ ಹಾಕುತ್ತಿದ್ದೆ ಎಂದು ಅವನ ಗೊಣಗಾಟ.

೨೦೦೩ರ ಬೇಸಿಗೆ. ಕೊಲ್ಲೂರಿನ ಹೋಟೆಲೊಂದರಲ್ಲಿ ಕೆಲಸಕ್ಕಿದ್ದ ಪ್ರೇಮಾನಂದನ ಎದೆ, ಬಲಗೈ ಮೇಲೆ ಕುದಿಯುವ ಸಾಂಬಾರು ಮಗುಚಿತು. ದಾರಿಯಲ್ಲೇ ಯಾರೋ ಪುಣ್ಯಾತ್ಮರು ಟೂತ್‌ಪೇಸ್ಟ್ ಬಳಿದಿದ್ದರು. ಉಮಾವತಿ ಅದನ್ನೆಲ್ಲ ನಾಜೂಕಾಗಿ ತೊಳೆದು, ಮುಲಾಮು ಹಚ್ಚಿ ಬಟ್ಟೆ ಸುತ್ತುವಷ್ಟರಲ್ಲಿ ಬಾಗಿಲಲ್ಲಿ ಗದ್ದಲ. ಕಿರಿಮಂಜೇಶ್ವರದಿಂದ ಅವನ ತಾಯಿ ಪದ್ದು, ಮೀನು ಮಾರುವವಳು, ಊರೇ ಕಟ್ಟಿಕೊಂಡು ಬಂದಿದ್ದಳು. ಮುಷ್ಟಿಯಲ್ಲಿ ದೇವರ ಭಸ್ಮ.

"ಹ್ವಾಯ್, ನಾನ್ ಅವ್ನ ಅಬ್ಬಿ! ನಂಗೇ ಒಳ್ಗ್ ಬಪ್ಪುಕಾಗ ಅಂದ್ರೆ ಎಂತ?"

"ಕೈ ತೊಳ್ಕಂಡ್ ನೀವೊಬ್ರೇ ಬನ್ನಿ ಅಮ್ಮ. ಭಸ್ಮ ಹಣಿಗ್ ಹಚ್ಚಿ, ಗಾಯಕ್ಕ್ ಬೇಡ. ಚರ್ಮ ಇಲ್ದ್ ಜಾಗ, ನಂಜಾತ್ತ್."

"ನನ್ ಕೈಯಗೆ ನಂಜಾ?"

ಉಮಾವತಿ ಒಂದು ಕ್ಷಣ ಯೋಚಿಸಿದಳು. "ಬುಟ್ಟಿಯಗೆ ಒಂದ್ ಮೀನ್ ಹಾಳಾರೆ ಎಂತ ಮಾಡ್ತ್ರಿ?"

"ಹೆಕ್ಕಿ ಬಿಸಾಡ್ತೆ. ಇಲ್ದಿರೆ ಎಲ್ಲಾ ಹಾಳಾತ್ತಲೆ."

"ನಂಜೂ ಹಾಂಗೇ. ಆದ್ರೆ ಕಣ್ಣಿಗ್ ಕಾಂಬುದಿಲ್ಲ."

ಪದ್ದು ನಲ್ಲಿಯ ಕಡೆ ನಡೆದಳು. ಅಷ್ಟಕ್ಕೇ ನಿಲ್ಲಲಿಲ್ಲ, ಮರುದಿನದಿಂದ ಬಾಗಿಲೇ ಅವಳ ಠಾಣೆಯಾಯಿತು. ಕೇರಿ ಕೇರಿ ಕೂಗಿ ಪಳಗಿದ ಗಂಟಲು ಈಗ "ಕೈ ತೊಳ್ದವ್ರ್ ಮಾತ್ರ!" ಎಂದು ಕೂಗತೊಡಗಿತು. ಮುಂಬೈಯಿಂದ ಬಂದ ಸ್ವಂತ ಮೈದುನನಿಗೂ ಕಿಟಕಿಯಿಂದಲೇ ದರ್ಶನ. ಪಕ್ಕದ ಮಂಚದವರ ನೆಂಟರು ಉಮಾವತಿಯಲ್ಲಿ ದೂರಿಕೊಂಡರು. ಅವಳು ಮುಖ ಗಂಭೀರ ಮಾಡಿಕೊಂಡು ಕೇಳಿ, ಔಷಧಿ ಕೋಣೆಗೆ ಹೋಗಿ ಹೊಟ್ಟೆ ಹಿಡಿದು ನಕ್ಕಳು.

ಆ ನಗು ಒಂದು ಸಂಜೆ ಅಡಗಿತು. ಪ್ರೇಮಾನಂದನಿಗೆ ಜ್ವರ ಏರಿತ್ತು.

"ನನ್ನಿಂದ ಆಯ್ತಾ ಸಿಸ್ಟರೇ?" ಪದ್ದುವಿನ ದನಿ ಮೊದಲ ಬಾರಿ ಇಳಿದಿತ್ತು.

"ಛೆ, ಹಾಂಗ್ ಹೇಳ್ಬೇಡಿ. ಎಷ್ಟ್ ಕಾದ್ರೂ ಒಂದೊಂದ್ಸಲ ನಂಜ್ ಬತ್ತ್," ಎಂದಳು ಉಮಾವತಿ. ತನ್ನೊಳಗಿನ ಅಳುಕನ್ನು ತೋರಗೊಡಲಿಲ್ಲ. ಡಾಕ್ಟರು ಔಷಧಿ ಬದಲಾಯಿಸಿದರು. ಜ್ವರ ಮೆಲ್ಲನೆ ಇಳಿಯಿತು.

ಮುಂದಿನ ವಾರ ಉಮಾವತಿ ಬ್ರಹ್ಮಾವರದಲ್ಲಿ ನೆಂಟರ ಮದುವೆ ಮುಗಿಸಿ, ಅವಸರದಲ್ಲಿ ಸಮವಸ್ತ್ರ ತೊಟ್ಟು ನೇರ ಕೋಣೆಗೆ ಬಂದಳು. ಬಾಗಿಲಿಗೆ ಅಡ್ಡ ಒಂದು ಕೈ.

"ಸಿಸ್ಟರೇ, ಬಳಿ!"

ನೋಡಿದರೆ ಕೈತುಂಬ ಗಾಜಿನ ಬಳೆ! ಬಳೆಯಡಿ ನಂಜು ಉಳಿಯುತ್ತದೆ ಎಂದು ಪದ್ದುವಿಗೆ ಕಲಿಸಿದವಳು ತಾನೇ. ಉಮಾವತಿಯ ಮುಖ ಕೆಂಪಾಯಿತು. ಸಿಟ್ಟು ಬರುವುದರಲ್ಲಿತ್ತು, ನಗುವೇ ಮೊದಲು ಬಂತು. ಬಳೆ ಬಿಚ್ಚಿಟ್ಟು ನಲ್ಲಿಯಡಿ ಕೈ ಒಡ್ಡಿದಳು.

"ಮೊಣ್ಕೈ ತನ್ಕ," ಎಂದಳು ಪದ್ದು, ಕಣ್ಣು ಕದಲಿಸದೆ.

ಮಳೆ ಹಿಡಿಯುವ ಹೊತ್ತಿಗೆ ಗಾಯ ಮಾಗಿತು. ಬೆರಳು ಸೆಟೆಯಬಾರದೆಂದು ಉಮಾವತಿ ಕೊಟ್ಟ ಚೆಂಡನ್ನು ಪ್ರೇಮಾನಂದ ಬೈಯುತ್ತಲೇ ಹಿಸುಕಿ, ಕಡೆಗೆ ತುತ್ತು ಕಲಸಿ ತಾನೇ ಉಂಡ. ತಾಯಿ ಮಗ ರಿಕ್ಷಾ ಹತ್ತಿ ಹೋದ ಮೇಲೆ ಕೋಣೆ ತುಂಬ ಸಪ್ಪೆ ಎನಿಸಿತು ಉಮಾವತಿಗೆ.