‘ಆಯ್ತು ಬಿಡಮ್ಮ’ ಎಂದರೆ ಒಪ್ಪಿಗೆಯಲ್ಲ

ಸ್ಯಾನ್ ಡಿಯಾಗೋದಲ್ಲಿ ಅಮೆರಿಕದ ಹಳ್ಳಿಗಾಡಿನ ಕಂಟ್ರಿ ಸಂಗೀತ ಹಾಕುತ್ತಿದ್ದ ಆ ಪುಟ್ಟ ರೇಡಿಯೋ ಸ್ಟೇಷನ್ ಮಾರಾಟವಾದದ್ದು ಇಕ್ಬಾಲ್ ಅಂಕಲ್ ಒಪ್ಪಿದ್ದರಿಂದ — ಎಲ್ಲರೂ ಹೇಳುವುದು ಹೀಗೆ. ಅಲ್ಲಿ ಕೆಲಸ ಕಳೆದುಕೊಂಡವರು ಹೇಳುತ್ತಾರೆ, ನಮ್ಮ ಕನ್ನಡದ ಬಳಗದಲ್ಲೂ ಹೇಳುತ್ತಾರೆ. ಆಧಾರವೇನು ಎಂದು ಮಾತ್ರ ಯಾರೂ ಕೇಳಿಲ್ಲ. ಕೇಳಿದ್ದರೆ ಆ ಮಾತು ಒಬ್ಬರಿಂದ ಒಬ್ಬರಿಗೆ ಹಿಂದೆ ಸರಿಯುತ್ತ ಕೊನೆಗೆ ನನ್ನ ಬಾಯಿಗೆ ಬಂದು ನಿಲ್ಲುತ್ತಿತ್ತು. ಅಂಕಲ್ ಒಪ್ಪಿರಲಿಲ್ಲ. ಒಪ್ಪಿದರೆಂದು ಹೇಳಿದವಳು ನಾನು. ಹೇಳುವಾಗಲೇ ಅದು ನಿಜವಲ್ಲವೆಂದು ನನಗೆ ಗೊತ್ತಿತ್ತು.

ಇಕ್ಬಾಲ್ ಅಂಕಲ್ ಮೈಸೂರಿನವರು. ಅಪ್ಪನ ಜೊತೆ ಟೆಲಿಕಾಂ ಕಂಪನಿಯಲ್ಲಿದ್ದವರು. ಸ್ಯಾನ್ ಡಿಯಾಗೋದ ಸ್ಕ್ರಿಪ್ಸ್ ರ್ಯಾಂಚ್ ಬಡಾವಣೆಯಲ್ಲಿ ನಮ್ಮ ಹಿಂದಿನ ಬೀದಿಯಲ್ಲೇ ಅವರ ಮನೆ. ಹೆಂಡತಿ ಶಾಹೀನ್ ಆಂಟಿಯೊಡನೆ ಉರ್ದು, ನಮ್ಮೊಡನೆ ಅಚ್ಚ ಮೈಸೂರು ಕನ್ನಡ. ಸ್ಟೇಷನ್ನಿನ ಟವರ್ ಕೆಟ್ಟಾಗ ಒಮ್ಮೆ ಸಹಾಯಕ್ಕೆಂದು ಹೋದವರು ಅದರ ಮಾಲೀಕ ವೇಯ್ನ್‌ಗೆ ಗೆಳೆಯರಾದರು. ಆತ ತಮಾಷೆಗೆಂದು ಇವರನ್ನು ಮೈಕಿನ ಮುಂದೆ ಕೂರಿಸಿದ. ಅಲ್ಲಿಯವರ ಬಾಯಲ್ಲಿ ಇಕ್ಬಾಲ್ ‘ಐಕ್’ ಆದರು, ಅಂದಿನಿಂದ ಪ್ರತಿ ಶನಿವಾರ ಮಧ್ಯಾಹ್ನ ಒಂದು ಗಂಟೆಯಷ್ಟು ಹೊತ್ತು ‘ಮೈಸೋರ್ ಐಕ್’ನದಾಯಿತು. ಪೂರ್ವದ ಬೆಟ್ಟಗಳ ಕಡೆ ಕುದುರೆ ಸಾಕುವವರು, ದೂರದ ಟ್ರಕ್ ಓಡಿಸುವವರು ಫೋನ್ ಮಾಡಿ ಮೊದಲು ಇವರ ಉಚ್ಚಾರಣೆಯನ್ನು ಅಣಕಿಸುತ್ತಿದ್ದರು, ಆಮೇಲೆ ಹೆಂಡತಿಯ ಆಪರೇಷನ್ ಸುದ್ದಿ ಹೇಳಿಕೊಳ್ಳುತ್ತಿದ್ದರು.

ಹೈಸ್ಕೂಲಿನಲ್ಲಿ ನಾನು ಡಿಬೇಟ್ ತಂಡದಲ್ಲಿದ್ದೆ, ಸಿಕ್ಕಿದ್ದನ್ನೆಲ್ಲ ಪ್ರಶ್ನಿಸುತ್ತಿದ್ದೆ. “ಇದೇನ್ ಅಂಕಲ್, ಎಲ್ಲಾ ಹಾಡೂ ಒಂದೇ ಥರ ಇದೆ?” ಎಂದು ಕೆಣಕಿದ್ದೆ.

“ಲಾರಿ ಕೆಟ್ಟೋಯ್ತು, ಹೆಂಡ್ತಿ ತವರಿಗೆ ಹೋದ್ಲು, ನಾಯಿ ಸತ್ತೋಯ್ತು. ಶ್ರೀರಂಗಪಟ್ಟಣ ಬಸ್ ಸ್ಟ್ಯಾಂಡಲ್ಲಿ ಕೂತ್ಕೋ ಲಾಯರಮ್ಮ, ಇದೇ ಕೇಳ್ಸತ್ತೆ. ಗಿಟಾರ್ ಒಂದ್ ಇರಲ್ಲ ಅಷ್ಟೆ” ಎಂದಿದ್ದರು.

ಕೋವಿಡ್‌ನ ಮೊದಲ ವರ್ಷ ವೇಯ್ನ್ ತೀರಿಕೊಂಡ. ಸ್ಟೇಷನ್ ಲಾಸ್ ಏಂಜಲೀಸ್‌ನಲ್ಲಿದ್ದ ಅವನ ಮಗಳು ಕ್ಯಾರಲ್‌ಗೆ ಬಂತು. ಆಗಷ್ಟೇ ನಾನು ಲಾಸ್ ಏಂಜಲೀಸ್ ಪಕ್ಕದ ಟೊರೆನ್ಸ್‌ನಲ್ಲಿ, ರೇಡಿಯೋ ಸ್ಟೇಷನ್‌ಗಳ ಮಾರಾಟಕ್ಕೆ ಮಧ್ಯವರ್ತಿಯಾಗುವ ಸಣ್ಣ ಸಂಸ್ಥೆಯೊಂದಕ್ಕೆ ಸೇರಿದ್ದೆ. ಈ ಮಾರಾಟದ ಮಾತುಕತೆ ನನ್ನ ಕೈಗೇ ಬಂತು. ಕೊಳ್ಳಲು ಮುಂದೆ ಬಂದ ಕಂಪನಿಗೆ ಬೇಕಾದದ್ದು ಆ ತರಂಗಾಂತರ ಮಾತ್ರ. ಕಂಟ್ರಿ ಹಾಡು ಬೇಡ, ಮಾತಾಡುವ ಮನುಷ್ಯರೂ ಬೇಡ. ಕಂಪ್ಯೂಟರ್ ಆರಿಸಿದ ಪಾಪ್ ಹಾಡುಗಳು ಒಂದರ ಹಿಂದೊಂದು ಬರುತ್ತವೆ, ಅಷ್ಟೆ. ಕ್ಯಾರಲ್ ಹಿಂದೆ ಮುಂದೆ ನೋಡುತ್ತಿದ್ದಳು. ನಾನು ಅಂಕಲ್ ಮನೆಯ ಹುಡುಗಿಯಂತೆಯೇ ಎಂದು ತಿಳಿದಾಗ ಅವಳ ಮುಖ ಸಡಿಲವಾಯಿತು. ಅವಳು ಹೇಳಿದ್ದು ಇಷ್ಟು: “ಐಕ್ ಬೇಡ ಅಂದರೆ ನಾನು ಮಾರುವುದಿಲ್ಲ. ಆದರೆ ನಾನು ಕೇಳಿದರೆ ಮರ್ಯಾದೆಗೆ ಹೂಂ ಅಂದುಬಿಡುತ್ತಾರೆ. ನೀನು ಅವರ ಭಾಷೆಯಲ್ಲಿ ಕೇಳು. ನಿನಗೆ ನಿಜ ಹೇಳುತ್ತಾರೆ.”

ನನ್ನ ಭಾಷೆಯನ್ನು ಅಷ್ಟೊಂದು ನಂಬಿದವರನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

ನಾನು ಹೋದದ್ದು ಕೇಳಲಿಕ್ಕೆ. ಮಾಡಿದ್ದು ವಾದ. ಅವರ ಹಿತ್ತಲಲ್ಲಿ, ನಿಂಬೆ ಗಿಡದ ಪಕ್ಕ ಕೂತು — ಕೇಳುಗರಿಗೆ ವಯಸ್ಸಾಗುತ್ತಿದೆ, ಜಾಹೀರಾತು ಬರುತ್ತಿಲ್ಲ, ಹಾಡು ಬೇಕಾದವರ ಫೋನಿನಲ್ಲೇ ಹಾಡಿದೆ —

“ಫೋನಲ್ಲಿ ಹಾಡಿರತ್ತೆ, ಸರಿ. ಹಾಡು ಮುಗಿದ್ಮೇಲೆ ಮಾತಾಡೋರು ಯಾರು?” ಎಂದರು ಅಂಕಲ್.

“ಅದು ಸೆಂಟಿಮೆಂಟ್ ಅಂಕಲ್. ಆರ್ಗ್ಯುಮೆಂಟ್ ಅಲ್ಲ.”

“ಡಾರ್ಲೀನ್ ಎಲ್ಲಿಗ್ ಹೋಗ್ಬೇಕು? ಹೇಳು.” ಡಾರ್ಲೀನ್ ಬೆಳಗಿನ ಕಾರ್ಯಕ್ರಮ ನಡೆಸುತ್ತಿದ್ದವಳು, ಒಂಟಿ ಹೆಂಗಸು, ಆ ಸ್ಟೇಷನ್ ಬಿಟ್ಟು ಬೇರೆ ಕಡೆ ದುಡಿದವಳೇ ಅಲ್ಲ.

“ಬೇರೆ ಕಡೆ ಅಪ್ಲೈ ಮಾಡ್ತಾರೆ. ಸಿಗತ್ತೆ” ಎಂದೆ. ಸಿಗುತ್ತದೆಂದು ನಂಬಲು ನನ್ನ ಬಳಿ ಏನೂ ಇರಲಿಲ್ಲ.

ಅಡುಗೆಮನೆ ಕಿಟಕಿಯಿಂದ ಶಾಹೀನ್ ಆಂಟಿ ಕೂಗಿದರು: “ಏನ್ರೀ, ಅವಳ ಹತ್ರ ವಾದಕ್ಕೆ ಕೂತ್ರೆ ಟೀ ಆರೋಗತ್ತೆ ನೋಡಿ.”

ಅಂಕಲ್ ನಗಲಿಲ್ಲ. ಕಪ್ಪನ್ನು ಸಾಸರಿನ ಮೇಲೆ ಸ್ವಲ್ಪ ತಿರುಗಿಸಿದರು. ಇನ್ನೂ ಏನೋ ಹೇಳಬೇಕೆಂದಿದ್ದವರು ಹಾಗೆ — ಇಲ್ಲ, ಅವರ ಮನಸ್ಸಿನಲ್ಲಿ ಏನಿತ್ತೆಂದು ಹೇಳುವ ಹಕ್ಕು ನನಗಿಲ್ಲ. ಕೇಳಿಸಿದ್ದನ್ನು ಮಾತ್ರ ಬರೆಯುತ್ತೇನೆ.

“ಆಯ್ತು ಬಿಡಮ್ಮ” ಎಂದರು.

ಕನ್ನಡ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ‘ಆಯ್ತು’ ಎಂದರೆ ಒಪ್ಪಿಗೆ. ಅದರ ಪಕ್ಕ ‘ಬಿಡು’ ಬಂದು ಕೂತರೆ ಬಾಗಿಲು ಮುಚ್ಚಿತೆಂದು ಅರ್ಥ. ಅಮ್ಮ ಅಪ್ಪನಿಗೆ ಹಾಗೆಂದ ದಿನ ಅಪ್ಪ ಮನೆಯೊಳಗೆ ಹೆಜ್ಜೆ ಸಪ್ಪಳವಾಗದಂತೆ ಓಡಾಡುತ್ತಿದ್ದರು. ಆದರೆ ಡಿಬೇಟಿನಲ್ಲಿ ನಮಗೆ ಕಲಿಸಿದ್ದು ಬೇರೆ: ಎದುರಿನವರು ಉತ್ತರಿಸದೆ ಬಿಟ್ಟ ವಾದ ಅವರು ಒಪ್ಪಿಕೊಂಡ ವಾದ. ನನಗೆ ಎರಡೂ ನಿಯಮ ಗೊತ್ತಿದ್ದವು. ನಾನು ಗೆಲ್ಲುವ ನಿಯಮವನ್ನು ಆರಿಸಿಕೊಂಡೆ.

ಕಾರಿನಲ್ಲಿ ಕೂತು ಕ್ಯಾರಲ್‌ಗೆ ಫೋನ್ ಮಾಡಿದೆ. ಅವಳು ಜಾಣೆ, “ಏನಂದರು?” ಎಂದು ಕೇಳಿ ಸುಮ್ಮನಾಗಲಿಲ್ಲ. ಅವರು ಆಡಿದ ಮಾತನ್ನೇ ಹೇಳು ಎಂದಳು. ನಾನು ಪದಕ್ಕೆ ಪದ ಇಟ್ಟೆ: “ಓಕೆ, ಲೆಟ್ ಇಟ್ ಗೋ.”

ನೋಡಿ, ಎಷ್ಟು ಸರಿಯಾದ ಅನುವಾದ. ಯಾವ ನಿಘಂಟೂ ನನ್ನನ್ನು ಹಿಡಿಯಲಾರದು. ಬಿಡು ಎಂದರೆ ಬಿಡುವುದೇ. ಆದರೆ ಅವರು ಬಿಟ್ಟದ್ದು ನನ್ನ ಜೊತೆಗಿನ ಮಾತನ್ನು. ಕ್ಯಾರಲ್‌ಗೆ ಕೇಳಿಸಿದ್ದು ಸ್ಟೇಷನ್ನನ್ನು ಬಿಟ್ಟರೆಂದು. ಅವಳು ಆ ಕಡೆ ಅತ್ತಳು. “ಅಪ್ಪ ಇದ್ದಿದ್ದರೂ ಇದನ್ನೇ ಹೇಳುತ್ತಿದ್ದ” ಎಂದಳು. ಆಗಲಾದರೂ, ಕ್ಯಾರಲ್, ಒಂದು ನಿಮಿಷ, ಅದರ ಅರ್ಥ ಹಾಗಲ್ಲ — ಎನ್ನಬಹುದಿತ್ತು. ನನ್ನ ಮೊದಲ ವ್ಯವಹಾರ ಕುದುರಿತ್ತು. ನಾನು ಸೀಟ್ ಬೆಲ್ಟ್ ಹಾಕಿಕೊಂಡೆ.

ಹೇಗೂ ಆ ಸ್ಟೇಷನ್ ಉಳಿಯುತ್ತಿರಲಿಲ್ಲ ಎನ್ನಬಹುದು. ನಾನೇ ಎಷ್ಟೋ ಸಲ ಹಾಗಂದುಕೊಂಡಿದ್ದೇನೆ. ಆ ವಾದ ಗೆಲ್ಲುತ್ತದೆ ಕೂಡ. ಆದರೆ ಕ್ಯಾರಲ್ ಕೇಳಿದ್ದು ಸ್ಟೇಷನ್ ಉಳಿಯುತ್ತದೆಯೇ ಎಂದಲ್ಲ, ಐಕ್ ಏನಂದರು ಎಂದು.

ಸ್ಟೇಷನ್ನಿನ ಹಾಡು ಬದಲಾದ ದಿನ ನಾನು ಟೊರೆನ್ಸ್‌ನಿಂದ ಡ್ರೈವ್ ಮಾಡಿಕೊಂಡು ಬರುತ್ತಿದ್ದೆ. ದಾರಿಯಲ್ಲಿ ಓಷನ್‌ಸೈಡ್ ಊರು ದಾಟುತ್ತಿದ್ದಂತೆ ಕಾರಿನ ರೇಡಿಯೋದಲ್ಲಿ ಆ ಸ್ಟೇಷನ್ ಸಿಗುತ್ತದೆ. ಡಾರ್ಲೀನ್ ಇರಬೇಕಾದ ಹೊತ್ತಿನಲ್ಲಿ ಎಲ್ಲ ಕಡೆ ಕೇಳಿಬರುವ ಒಂದು ಪಾಪ್ ಹಾಡು ಬಂತು. ಮುಗಿಯಿತು. ಮಾತಿಲ್ಲದೆ ಇನ್ನೊಂದು ಶುರುವಾಯಿತು. ಅಂಕಲ್ ಕೇಳಿದ ಪ್ರಶ್ನೆಗೆ ಉತ್ತರ ಅದೇ ಆಗಿತ್ತು. ರೇಡಿಯೋ ಆಫ್ ಮಾಡಿದೆ.

ಮುಂದಿನ ರಂಜಾನ್ ಹಬ್ಬಕ್ಕೆ ಅವರ ಮನೆಗೆ ಹೋಗಿದ್ದೆ. ಹೋಗದಿದ್ದರೆ ಯಾಕೆಂದು ಅಪ್ಪ ಕೇಳುತ್ತಿದ್ದರು. ಆಂಟಿ ಶ್ಯಾವಿಗೆಯ ಶೀರ್ ಕುರ್ಮಾ ಬಡಿಸುತ್ತ ಹೇಳಿದರು: “ಶನಿವಾರ ಮಧ್ಯಾಹ್ನ ಮನೇಲಿರಲ್ಲ ಅಂತ ಬೈತಿದ್ದೆ. ಈಗ ಇರ್ತಾರೆ. ಅದೇ ಕಷ್ಟ ನೋಡು.” ಆಮೇಲೆ ದನಿ ತಗ್ಗಿಸಿದರು. “ಕೊನೇ ದಿನ ಪಾರ್ಕಿಂಗ್ ಲಾಟಲ್ಲಿ ಆ ಡಾರ್ಲೀನ್ ಎಲ್ರ ಮುಂದೆ ಕೇಳಿದ್ಲಂತೆ, ‘ನೀನು ಬೇಡ ಅನ್ನಬಹುದಿತ್ತಲ್ಲ ಐಕ್’ ಅಂತ. ಇವ್ರು ತಲೆ ಬಗ್ಗಿಸ್ಕೊಂಡು ಬಂದ್ರು. ಅವತ್ತಿಂದ ಅವಳು ಇವ್ರ ಫೋನ್ ಎತ್ತಲ್ಲ. ನಿಜವಾಗ್ಲೂ ಒಪ್ಪಿದ್ರಾ ಇವ್ರು? ಮಾತಾಡಿದ್ದು ನಿನ್ ಹತ್ರ ತಾನೆ?”

“ಗೊತ್ತಿಲ್ಲ ಆಂಟಿ” ಎಂದೆ.

ಅಂಕಲ್ ಪಕ್ಕದ ಕುರ್ಚಿಯಲ್ಲೇ ಇದ್ದರು. ಗೋಡಂಬಿ ಜಾಸ್ತಿ ಇದ್ದ ತಮ್ಮ ಬಟ್ಟಲನ್ನು ನನ್ನ ಕಡೆ ಸರಿಸಿದರು.

ಈ ವಾರ ಕ್ಯಾರಲ್‌ಗೆ ಎಲ್ಲ ಹೇಳಿದೆ. ಕೊನೆಯವರೆಗೂ ಕೇಳಿ ಫೋನ್ ಇಟ್ಟಳು. ಡಾರ್ಲೀನ್ ಮನೆಗೂ ಹೋದೆ. ಬಾಗಿಲಲ್ಲೇ ನಿಂತು ಕೇಳಿಸಿಕೊಂಡಳು, ಒಳಗೆ ಕರೆಯಲಿಲ್ಲ. ಕರೆಯಬೇಕಾಗಿಯೂ ಇರಲಿಲ್ಲ. ಸ್ಟೇಷನ್ ಮರಳಿ ಬರುವುದಿಲ್ಲ. ಅಂಕಲ್ ಒಬ್ಬರಿಗೆ ಮಾತ್ರ ಎದುರು ನಿಂತು ಹೇಳಲಾಗಿಲ್ಲ. ಅದಕ್ಕೇ ಈ ಬರಹ, ಅವರು ಓದುವ ಭಾಷೆಯಲ್ಲಿ.

ಅಂಕಲ್, ಕ್ಯಾರಲ್‌ಗೆ ನಾನು ಏನು ಹೇಳಿರಬಹುದೆಂದು ಆ ಪಾರ್ಕಿಂಗ್ ಲಾಟಿನಲ್ಲೇ ನಿಮಗೆ ತಿಳಿದಿರಬೇಕು. ‘ಗೊತ್ತಿಲ್ಲ’ ಎಂದು ನಾನು ಇನ್ನೊಮ್ಮೆ ಸುಳ್ಳಾಡಿದ್ದೂ ಕೇಳಿಸಿತು. ಆದರೂ ಸುಮ್ಮನಿದ್ದಿರಿ. ಅದು ನನ್ನನ್ನು ಕಾಪಾಡಲಿಕ್ಕೋ — ಇಲ್ಲವೇ, ಈ ಹುಡುಗಿಯ ಜೊತೆ ಇನ್ನು ಮಾತಾಡಿ ಪ್ರಯೋಜನವಿಲ್ಲ ಎಂದೋ?