ಸಲಾಲಾಕ್ಕೆ ಹೊರಟವರ ಟಯರು

ಒಮಾನಿನ ನಿಜ್ವಾದಲ್ಲಿ ನಮ್ಮ ಕಾರಿಗೆ ಟಯರು ಹಾಕುತ್ತಿದ್ದವರು ಉಡುಪಿ ಕಡೆಯವರೊಬ್ಬರು. ಮರುಭೂಮಿ ದಾಟಿ ಸಲಾಲಾದ ಮಳೆ ನೋಡಲು ಹೊರಟವರೆಲ್ಲ ಮೊದಲು ಅವರ ಅಂಗಡಿಗೆ ಹೋಗುತ್ತಿದ್ದೆವು. ಅವರು ಟಯರಿಗೆ ಹೆಬ್ಬೆರಳ ಉಗುರು ಒತ್ತಿ, "ಹಿಂದಿನ ಸೀಟಲ್ಲಿ ಕೂತ್ಕೊಳ್ಳುದು ಯಾರು ಮಾರ್ರೆ?" ಎಂದು ಕೇಳುತ್ತಿದ್ದರು. ಮಕ್ಕಳು ಎಂದರೆ ಮುಗಿಯಿತು. ಬಿಸಿಲಿಗೆ ಗಟ್ಟಿಯಾದ ರಬ್ಬರು ಒದ್ದೆ ರಸ್ತೆಯಲ್ಲಿ ಜಾರುತ್ತದೆಂದು ಹೊಸದನ್ನೇ ಹಾಕುತ್ತಿದ್ದರು. ಅವರ ಸ್ವಂತ ಕಾರು ಮಾತ್ರ ನಾವು ಬಿಚ್ಚಿಸಿ ಬಿಟ್ಟುಹೋದ ಹಳೆಯ ಟಯರುಗಳ ಮೇಲೆ ಓಡುತ್ತಿತ್ತು. ಕೇಳಿದರೆ, "ನಾನೊಬ್ಬನೇ ಅಲ್ವಾ" ಎಂದು ನಗುತ್ತಿದ್ದರು.

ಒಂದು ಆಗಸ್ಟಿನಲ್ಲಿ ನಾನು ಹೋದಾಗ, ಅವರು ಗಿರಾಕಿಗಳನ್ನೆಲ್ಲ ಕಾಯಿಸಿ ತಮ್ಮ ಕಾರಿಗೇ ಹೊಸ ಟಯರು ಹಾಕುತ್ತಿದ್ದರು. ನನಗೆ ಸಿಟ್ಟು ಬಂತು. "ನಮ್ಮದು ಯಾವಾಗ?" ಎಂದೆ.

ಸ್ಪ್ಯಾನರು ಕೆಳಗಿಡದೆ ಹೇಳಿದರು: "ಖಲಾಸ್, ಆಯ್ತು. ಊರಿಂದ ಹೆಂಡತಿ, ಮಗಳು ಬರ್ತಿದ್ದಾರೆ. ಈ ಸಲ ನನ್ನ ಹಿಂದಿನ ಸೀಟಲ್ಲೂ ಜನ ಉಂಟು ಮಾರ್ರೆ."