ಬೆಲರೂಸಿಯನ್, ಮಲಯ ಮತ್ತು ನಮ್ಮವ್ವನ ಹಾಡಿನ ಪುಸ್ತಕ

ಸ್ನೇಹಿತರೇ, ಇವತ್ತು ಚಳ್ಳಕೆರೆಯಲ್ಲಿ ಮಗಳ ಎಂ.ಎ. ಮೇಷ್ಟ್ರ ಜೊತೆ ಜಟಾಪಟಿಯಾಯಿತು. ಬೆಲರೂಸಿಯನ್ ಮತ್ತು ಮಲಯ ಭಾಷೆಗಳ ಹೋಲಿಕೆ ಅವಳ ಪ್ರಬಂಧದ ವಿಷಯ. ಒಪ್ಪಿಗೆಗೆ ಇವತ್ತೇ ಕೊನೆಯ ದಿನ, ಮೇಷ್ಟ್ರು ಸಹಿ ಹಾಕಲೊಲ್ಲರು.

"ಒಂದು ಯುರೋಪಿಂದು, ಇನ್ನೊಂದು ಸಮುದ್ರದ ಆಚೇದು. ಏನ್ರೀ ಸಂಬಂಧ? ನೀವು ನಿಮ್ಮ ಎಣ್ಣೆ ಮಿಲ್ ನೋಡ್ಕೊಳ್ರಿ," ಎಂದರು.

ನಾನು ಎಸ್ಸೆಸ್ಸೆಲ್ಸಿ ಫೇಲು. ಆದರೆ ಸ್ಯಾಂಪಲ್ ಇಲ್ಲದೆ ವ್ಯಾಪಾರಕ್ಕೆ ಹೋಗುವವನಲ್ಲ. ಮೊಳಕಾಲ್ಮೂರಿನಲ್ಲಿರುವ ನಮ್ಮವ್ವ ಕೈಯಾರೆ ಬರೆದಿಟ್ಟ ಹಾಡಿನ ಪುಸ್ತಕವನ್ನು ಚೀಲದಿಂದ ತೆಗೆದು ಮುಂದಿಟ್ಟೆ. "ಓದ್ರಿ ಸರ್."

ಮೇಷ್ಟ್ರು ಎರಡು ಸಾಲು ಓದಿ ನಿಲ್ಲಿಸಿದರು. "ಅಕ್ಷರ ಕನ್ನಡದ್ದು, ಹಾಡು ತೆಲುಗಿಂದು!"

"ನಮ್ಮವ್ವನ ಮನೆಮಾತು ತೆಲುಗು, ಶಾಲೇಲಿ ಕಲ್ತಿದ್ದು ಕನ್ನಡ. ಹಿಂದೆ ಬೆಲರೂಸಿನ ಮುಸ್ಲಿಮರೂ ಅಲ್ಲಿನ ಮಾತನ್ನ ಅರಬ್ಬಿ ಅಕ್ಷರದಾಗೆ ಬರೀತಿದ್ರಂತೆ, ಮಲಯದೋರೂ ಹಂಗೇ ಅಂತೆ. ನನ್ನ ಮಗಳು ಹುಡುಕಿರೋದು ಅದನ್ನೇ. ಸಂಬಂಧ ಐತೋ ಇಲ್ವೋ?"

ಮೇಷ್ಟ್ರು ಪುಟ ತಿರುವುತ್ತಲೇ ಇದ್ದರು. ಕೊನೆಗೆ, "ಇದು ಎರಡು ದಿನ ನನ್ನ ಹತ್ರ ಇರಲಿ," ಎಂದರು.

ನಾನು ಪುಸ್ತಕ ಹಿಂದಕ್ಕೆಳೆದುಕೊಂಡು ಮಗಳ ಅರ್ಜಿ ಮುಂದಕ್ಕೆ ತಳ್ಳಿದೆ. "ಮೊದಲು ಸಹಿ ಹಾಕ್ರಿ. ಸರಕು ಆಮೇಲೆ."

ಸಹಿ ಬಿತ್ತು, ಪುಸ್ತಕ ಮೇಷ್ಟ್ರ ಕೈ ಸೇರಿತು. ಇನ್ನು ಎರಡು ದಿನ ಮೊಳಕಾಲ್ಮೂರಿನ ಕಡೆ ತಲೆ ಹಾಕುವ ಧೈರ್ಯ ನನಗಿಲ್ಲ. ಪುಸ್ತಕ ತಂದದ್ದು ಅವ್ವನಿಗೆ ಗೊತ್ತಿಲ್ಲ.